ಎಡಗಾಲು ಮೊದಲು

ಆ ಹುಡುಗಿ ಮೊದಲ ಸಲ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದಾಗ ಕಾಲಲ್ಲಿ ಹವಾಯಿ ಚಪ್ಪಲಿ, ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿ. ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕಪ್ಪು ಹೀಲ್ಸ್, ಹೊಚ್ಚ ಹೊಸದು. ಹಿಮ್ಮಡಿ ಮೂರು ಇಂಚಿಗೆ ಕಡಿಮೆಯಿಲ್ಲ, ಅದರ ತುದಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು.

"ಇದ್ರಲ್ಲಿ ನಡೆಯೋದು ಕಲಿಸ್ಕೊಡ್ಬೇಕು ಮೇಡಂ," ಎಂದಳು.

ಶೂ ನೋಡುವ ಮೊದಲೇ ನನ್ನ ಕಣ್ಣು ಅವಳ ಎಡಗಾಲಿನ ಮೇಲೆ ಬಿದ್ದಾಗಿತ್ತು. ಯಾರನ್ನೇ ಆಗಲಿ ನಾನು ಕಾಲಿನಿಂದ ಮೇಲಕ್ಕೆ ನೋಡುವವಳು. ಮುಖ ಮರೆತರೂ ನಡಿಗೆ ಮರೆಯುವುದಿಲ್ಲ. ಮದುವೆಮನೆಗಳಲ್ಲಿ ನೆಂಟರು ಇದಕ್ಕಾಗಿ ನನ್ನನ್ನು ಆಡಿಕೊಳ್ಳುವುದೂ ಉಂಟು. ಅವಳ ಎಡ ಕಾಲ್ಗಿಣ್ಣಿನ ಹೊರಬದಿಯಲ್ಲಿ ಉದ್ದನೆಯ ಹೊಲಿಗೆಯ ಗುರುತಿತ್ತು. ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಮೂಳೆ ಮುರಿದು, ಪ್ಲೇಟು, ಸ್ಕ್ರೂ ಹಾಕಿಸಿಕೊಂಡಿದ್ದಳಂತೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸು ಎಂದೆ. ಬಲಮಂಡಿ ಸಲೀಸಾಗಿ ತಾಗಿತು. ಎಡಮಂಡಿ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ಆ ಕೀಲು ಪೂರ್ತಿ ಮಡಚುತ್ತಿರಲಿಲ್ಲ, ಪಾದದ ಮುಂಭಾಗವನ್ನು ಮೇಲಕ್ಕೆ ಎಳೆದುಕೊಳ್ಳುವುದು ಅವಳಿಗೆ ಆಗುತ್ತಿರಲಿಲ್ಲ.

"ಮೂಳೆ ಡಾಕ್ಟ್ರು ಏನಂದ್ರು?"

"ಇನ್ನೊಂದ್ಸಲ ಅದೇ ಜಾಗ ಮುರುದ್ರೆ ಕಷ್ಟ ಅಂದ್ರು. ಜೀವ ಇರೋಗಂಟ ಕುಂಟ್ಬೇಕಾಗುತ್ತೆ ಅಂದ್ರು."

"ಅಂಥದ್ರಲ್ಲಿ ಇದು ಬೇಕೇನಮ್ಮ ನಿಂಗೆ?"

"ಬೇಕು ಮೇಡಂ."

ಸೂಲಿಬೆಲೆ ಕಡೆಯ ಹುಡುಗಿ. ಮನೆಯಲ್ಲಿ ಹೊಲ, ಒಂದಿಷ್ಟು ಸೀಮೆಹಸು, ಡೈರಿಗೆ ಹಾಲು ಹಾಕುವ ತಾಯಿ. ದೇವನಹಳ್ಳಿಯ ಒಂದು ತರಬೇತಿ ಕೇಂದ್ರದಲ್ಲಿ ವಿಮಾನ ನಿಲ್ದಾಣದ ಕೆಲಸಕ್ಕೆ ಕಲಿಯುತ್ತಿದ್ದಳು. ಪ್ರಯಾಣಿಕರನ್ನು ಮಾತನಾಡಿಸಿ ವಿಮಾನದ ಬಾಗಿಲವರೆಗೆ ಕರೆದೊಯ್ಯುವ ಕೆಲಸ. ಓದಿನಲ್ಲಿ, ಮಾತಿನಲ್ಲಿ ಎಲ್ಲದರಲ್ಲೂ ಪಾಸಾಗಿದ್ದಳು. ಬಾಕಿ ಇದ್ದದ್ದು ನಡಿಗೆಯ ಪರೀಕ್ಷೆ. ಕೇಂದ್ರದ ದೊಡ್ಡ ಹಾಲ್‌ನಲ್ಲಿ ವಿಮಾನದ ಬಾಗಿಲಿನ ಒಂದು ಮಾದರಿ ಕಟ್ಟಿದ್ದರು. ಹೀಲ್ಸ್ ಹಾಕಿಕೊಂಡು, ಕೈಯಲ್ಲಿ ಫೈಲು ಹಿಡಿದು, ತಲೆ ಎತ್ತಿ ನಗುತ್ತಾ ಹಾಲಿನ ಉದ್ದಕ್ಕೂ ನಡೆದು, ಬಾಗಿಲ ಬುಡದಲ್ಲಿ ಕಾಲ್ಗಿಣ್ಣಿನೆತ್ತರಕ್ಕೆ ನಿಲ್ಲಿಸಿದ ಪಟ್ಟಿಯನ್ನು ದಾಟಿ ಒಳಗೆ ಹೋಗಬೇಕು. ಮೊದಲ ಪರೀಕ್ಷೆಯಲ್ಲಿ ಇವಳ ಎಡಗಾಲು ಆ ಪಟ್ಟಿಗೆ ತಗುಲಿ ಮುಗ್ಗರಿಸಿದ್ದಳು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಇನ್ನೊಂದು ಅವಕಾಶ ಕೊಟ್ಟಿದ್ದರು, ಅದೇ ಕೊನೆಯದು.

ನಾನು ಕೇಂದ್ರದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಚಪ್ಪಟೆ ಶೂನಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲವೇ ಎಂದು ಕೇಳಿದೆ. ಆತ ಒರಟು ಮನುಷ್ಯನೇನಲ್ಲ.

"ಮೇಡಂ, ನನ್ ಕೈಲಿದ್ರೆ ಬರಿಗಾಲಲ್ಲೇ ನಡೆಸ್ತಿದ್ದೆ. ಕೆಲಸ ಕೊಡೋರು ಹೀಲ್ಸ್ ಇರ್ಲೇಬೇಕು ಅಂತಾರೆ. ಸ್ವಲ್ಪ ದಪ್ಪ ಹೀಲು ಹಾಕ್ಸಿ, ಬೇಕಾದ್ರೆ ಒಂದಿಂಚು ಕಮ್ಮಿ ಮಾಡ್ಕೊಳ್ಳಿ. ಅದಕ್ಕಿಂತ ಜಾಸ್ತಿ ಅಡ್ಜಸ್ಟ್ ಆಗಲ್ಲ," ಎಂದರು.

ನಿಜ ಹೇಳುತ್ತೇನೆ, ಅಲ್ಲಿಗೇ ಕೈ ತೊಳೆದುಕೊಳ್ಳೋಣ ಅನ್ನಿಸಿತು. ನಾನು ಹೆದರುಪುಕ್ಕಲಿ. ನನ್ನ ಕಸುಬೇ ಬಿದ್ದವರದ್ದು: ಬಚ್ಚಲಲ್ಲಿ ಜಾರಿದವರು, ಮೆಟ್ಟಿಲು ತಪ್ಪಿದವರು, ಬಸ್ಸಿನಿಂದ ಇಳಿಯುವಾಗ ಕಾಲು ಹೊರಳಿದವರು. ದಿನವಿಡೀ ಅವರ ಜೊತೆಗಿದ್ದು, ಮನೆಗೆ ಹೋದರೆ ಕಾಲೊರಸಿನ ಅಂಚು ಮಡಚಿದ್ದರೂ ನನಗೆ ದಿಗಿಲು. ಆದರೆ ನಾನು ಆಗಲ್ಲ ಅಂದದ್ದಕ್ಕೆ ಹುಡುಗಿ ತಣ್ಣಗೆ ಡಬ್ಬಿ ಮುಚ್ಚಿ, "ಸರಿ ಮೇಡಂ, ಮೊಬೈಲ್ ನೋಡ್ಕೊಂಡು ನಾನೇ ಕಲೀತೀನಿ ಬಿಡಿ," ಅಂದುಬಿಟ್ಟಳು. ಅದು ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸಿತು. ನಾಳೆಯಿಂದ ಬಾ ಎಂದೆ.

ಮೊದಲು ಶೂ ಬದಲಾಯಿಸಿದೆವು. ಎರಡಿಂಚಿನ ದಪ್ಪ ಹೀಲು, ಕಾಲ್ಗಿಣ್ಣಿನ ಮೇಲೆ ಬಿಗಿಯುವ ಪಟ್ಟಿ ಇದ್ದ ಜೋಡಿ ತಂದಳು. ನನ್ನ ಕ್ಲಿನಿಕ್ಕು ದೇವನಹಳ್ಳಿ ಕೋಟೆ ಬದಿಯ ಹಳೆಯ ಮನೆಯೊಂದರ ಪಡಸಾಲೆ. ನೆಲ ಕೆಂಪು ಗಾರೆಯದು. ಅಲ್ಲಿ ಅವಳನ್ನು ಬರಿಗಾಲಲ್ಲಿ, ಆಮೇಲೆ ಚಪ್ಪಲಿಯಲ್ಲಿ, ಕೊನೆಗೆ ಹೀಲ್ಸಿನಲ್ಲಿ ನಡೆಸಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನಗತಿಯಲ್ಲಿ ನೋಡಿದೆ.

ಬರಿಗಾಲಲ್ಲಿ ಅವಳದ್ದು ಹೊಲದಲ್ಲಿ ನಡೆದು ಬೆಳೆದವರ ನಡಿಗೆ. ಹೆಜ್ಜೆ ಉದ್ದ, ಮೈ ಸಡಿಲ. ಹೀಲ್ಸ್ ಹಾಕುತ್ತಿದ್ದಂತೆ ಅದೇ ಹುಡುಗಿ ಬೇರೆಯವಳಾಗುತ್ತಿದ್ದಳು. ಹಿಮ್ಮಡಿ ಮೇಲೇರಿದಾಗ ಮೈಭಾರವೆಲ್ಲ ಬೆರಳುಗಳ ಬುಡಕ್ಕೆ ಸರಿಯುತ್ತದೆ. ಮುಂದಕ್ಕೆ ವಾಲದಿರಲು ಸೊಂಟ ಹಿಂದಕ್ಕೆ ಬಾಗುತ್ತದೆ, ಮಂಡಿ ಪೂರ್ತಿ ನೇರವಾಗುವುದಿಲ್ಲ, ಹೆಜ್ಜೆ ಗಿಡ್ಡವಾಗುತ್ತದೆ. ನೆಲಕ್ಕೆ ಊರಲು ಅಗಲವಾದ ಹಿಮ್ಮಡಿಯ ಬದಲು ಒಂದು ಚಿಕ್ಕ ಬಿಲ್ಲೆ ಮಾತ್ರ ಇರುವುದರಿಂದ ಕಾಲ್ಗಿಣ್ಣು ಒಳಕ್ಕೂ ಹೊರಕ್ಕೂ ತುಯ್ಯುತ್ತದೆ. ಸಮನೆಲದಲ್ಲಿ ಇದನ್ನೆಲ್ಲ ಅಭ್ಯಾಸದಿಂದ ಹದಕ್ಕೆ ತರಬಹುದು. ಕೆಲವೇ ದಿನಗಳಲ್ಲಿ ಅವಳು ತಂದಳು ಕೂಡ. ಕಷ್ಟವಿದ್ದದ್ದು ದಾಟುವುದರಲ್ಲಿ.

ಅಡ್ಡವಿರುವ ವಸ್ತುವನ್ನು ದಾಟುವಾಗ ಮುಂದೆ ಹೋಗುವ ಕಾಲನ್ನು ಕಣ್ಣು ಕಾಯುತ್ತದೆ. ಹಿಂದೆ ಬರುವ ಕಾಲನ್ನು ಯಾರೂ ಕಾಯುವುದಿಲ್ಲ. ಅದು ನಮ್ಮ ಬೆನ್ನ ಹಿಂದೆ, ನೆನಪಿನ ಮೇಲೆ ಮಾತ್ರ ದಾಟಬೇಕು. ಬರಿಗಾಲಿನಲ್ಲಿ ಪಾದವನ್ನು ಮೇಲಕ್ಕೆ ಎಳೆದುಕೊಂಡರೆ ಬೆರಳ ತುದಿ ಪಾರಾಗುತ್ತದೆ. ಹೀಲ್ಸಿನಲ್ಲಿ ಬೆರಳು ಸದಾ ಕೆಳಮುಖ, ಹಿಂದೆ ಸಿಕ್ಕಿಹಾಕಿಕೊಳ್ಳಲು ಒಂದು ಹೀಲು ಬೇರೆ. ಇವಳ ಎಡಗಾಲಂತೂ ಮೊದಲೇ ಮೇಲಕ್ಕೆ ಮಡಚದು.

ಎರಡು ಪ್ಲಾಸ್ಟಿಕ್ ಸ್ಟೂಲಿನ ಕೆಳಕಂಬಿಗಳ ಮೇಲೆ ಒಂದು ಹಗುರ ಮರದ ಪಟ್ಟಿಯನ್ನು ಸುಮ್ಮನೆ ಇಟ್ಟೆ, ಸೋಕಿದರೆ ಸಾಕು ಬೀಳುವಂತೆ. ಅವಳ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದು ಹಿಂದಿನಿಂದ ನಾನು ಹಿಡಿದುಕೊಂಡೆ. ಅವಳು ನಡೆದಳು. ಬಲಗಾಲು ಪಟ್ಟಿಯ ಮೇಲೆ ಚೆನ್ನಾಗಿಯೇ ಹೋಯಿತು. ಎಡಗಾಲು ತಗುಲಿತು. ಪಟ್ಟಿ ಠಪ್ ಎಂದು ನೆಲಕ್ಕೆ ಬಿತ್ತು. ಮತ್ತೆ ಇಟ್ಟೆ. ಒಂದೆರಡು ಸಲ ಸರಿಯಾಯಿತು, ಮತ್ತೆ ತಗುಲಿತು. ಆ ಶಬ್ದ ಬಂದಾಗಲೆಲ್ಲ ನಾನು ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ.

ಶಕ್ತಿ ಸಾಲದೇನೋ ಎಂದುಕೊಂಡೆ. ಮೀನಖಂಡಕ್ಕೆ, ತೊಡೆಗೆ ವ್ಯಾಯಾಮ ಕೊಟ್ಟೆ. ಕಾಲಿಗೆ ಮರಳಿನ ಚೀಲ ಕಟ್ಟಿ ಮಂಡಿ ಎತ್ತಿಸಿದೆ. ಅವಳು ಎಲ್ಲವನ್ನೂ ಹಲ್ಲು ಕಚ್ಚಿ ಮಾಡಿದಳು. ಕಾಲು ಗಟ್ಟಿಯಾಯಿತು, ಪಟ್ಟಿ ಮಾತ್ರ ಬೀಳುತ್ತಲೇ ಇತ್ತು. ಆಮೇಲೆ ಶೂವಿನ ಅಡಿಗೆ ಸೀಮೆಸುಣ್ಣ ಉಜ್ಜಿ ನಡೆಸಿದೆ. ಕೆಂಪು ನೆಲದ ಮೇಲೆ ಬಿಳಿ ಗುರುತುಗಳು ಮೂಡಿದವು. ದೂರದಿಂದ ಬರುವಾಗ ಹೆಜ್ಜೆಗಳೆಲ್ಲ ಒಂದೇ ಅಂತರದಲ್ಲಿದ್ದವು. ಪಟ್ಟಿಯ ಹತ್ತಿರ ಮಾತ್ರ ಕೆಲವು ಸಲ ಎರಡು ಗುರುತು ಒತ್ತೊತ್ತಾಗಿ ಬಿದ್ದಿದ್ದವು, ಎಡಗಾಲಿನದು ಪಟ್ಟಿಯ ಬುಡಕ್ಕೇ ಅಂಟಿಕೊಂಡಂತೆ. ಪಟ್ಟಿ ಬಿದ್ದದ್ದೆಲ್ಲ ಅಂಥ ಸಲವೇ. ಬುಡದಲ್ಲಿ ನಿಂತ ಹಿಂಗಾಲಿಗೆ ಮಂಡಿ ಮಡಚಿ ಮೇಲೇರಲು ಜಾಗ ಸಿಗುವುದಿಲ್ಲ. ಏಳುವಾಗಲೇ ತುದಿ ತಗುಲುತ್ತದೆ. ಅಷ್ಟು ತಿಳಿಯಿತು. ಯಾಕೆ ಹಾಗೆ ಕೊನೆಯಲ್ಲಿ ಚಿಕ್ಕ ಹೆಜ್ಜೆ ಇಡುತ್ತೀ ಎಂದರೆ ಅವಳಿಗೇ ಗೊತ್ತಿರಲಿಲ್ಲ.

"ನಾನಾ? ಇಲ್ವಲ್ಲ ಮೇಡಂ, ಸಮವಾಗೇ ನಡೀತಿದೀನಿ."

ಪರೀಕ್ಷೆ ಹತ್ತಿರವಾಗುತ್ತಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು. ಅಷ್ಟರಲ್ಲಿ ಅವಳು ಬರುವುದನ್ನು ನಿಲ್ಲಿಸಿದಳು. ಫೋನ್ ಮಾಡಿದರೆ, "ಹಸು ಕರು ಹಾಕಿದೆ ಮೇಡಂ, ಅಮ್ಮ ಒಬ್ರೇ. ಮನೇಲೇ ಪ್ರಾಕ್ಟೀಸ್ ಮಾಡ್ತಿದೀನಿ, ಯೋಚ್ನೆ ಮಾಡ್ಬೇಡಿ," ಎಂದಳು.

"ಮನೇಲಿ ಎಲ್ಲಿ?"

"ಅಂಗಳದಲ್ಲಿ."

"ಹೀಲ್ಸ್ ಹಾಕ್ಕೊಂಡಾ?"

"ಹೂಂ."

ಸಗಣಿ ನೀರು ಹಾಕಿದ ಅಂಗಳ, ಹಗ್ಗ, ಗೂಟ, ಹಾಲಿನ ಕ್ಯಾನು, ಅದರ ನಡುವೆ ಆ ಪ್ಲೇಟು ಹಾಕಿದ ಕಾಲು. ಮಧ್ಯಾಹ್ನದ ರೋಗಿಗಳಿಗೆ ನಾಳೆ ಬನ್ನಿ ಎಂದು ಹೇಳಿ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಬಿದ್ದಿರುವುದೇ ಕಣ್ಣಮುಂದೆ ಬರುತ್ತಿತ್ತು.

ಬಿದ್ದಿರಲಿಲ್ಲ. ಹಳೆಯ ಹೆಂಚಿನ ಮನೆ, ಎತ್ತರದ ಕಲ್ಲಿನ ಹೊಸ್ತಿಲು, ಹೊಸ್ತಿಲಿಗೆ ಅರಿಶಿನ ಕುಂಕುಮ. "ಬನ್ನಿ ಡಾಕ್ಟ್ರಮ್ಮ," ಎಂದು ತಾಯಿ ಒಳಗೆ ಕರೆದು ಕೂರಿಸಿದರು. ಗಟ್ಟಿಮುಟ್ಟು ಹೆಂಗಸು, ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬೇಕು. ಹುಡುಗಿ ಅಂಗಳದಲ್ಲಿದ್ದವಳು ನನ್ನನ್ನು ಕಂಡು ಹೀಲ್ಸಿನಲ್ಲೇ ಮನೆಯ ಕಡೆ ಬಂದಳು; ಪರೀಕ್ಷೆ ಮುಗಿಯುವವರೆಗೆ ಶೂ ಹಾಕಿಕೊಂಡೇ ಹೊಸ್ತಿಲು ದಾಟಲು ತಾಯಿ ಒಪ್ಪಿದ್ದರಂತೆ.

ಅಂಗಳ ದಾಟುವವರೆಗೆ ಹೆಜ್ಜೆ ಚೆನ್ನಾಗಿತ್ತು. ಹೊಸ್ತಿಲಿಗೆ ಒಂದು ಮಾರು ದೂರವಿರುವಾಗ ಟಕ್ ಟಕ್ ಎಂದು ಎರಡು ಗಿಡ್ಡ ಹೆಜ್ಜೆ ಹಾಕಿ, ಕಾಲು ಬದಲಿಸಿಕೊಂಡು, ಬಲಗಾಲು ಒಳಗಿಟ್ಟಳು. ಹಿಂದಿನಿಂದ ಬಂದ ಎಡಗಾಲಿನ ಶೂ ತುದಿ ಕಲ್ಲನ್ನು ಕೆರೆದುಕೊಂಡು ಬಂತು. ನನ್ನ ಕೆಂಪು ನೆಲದ ಮೇಲಿನ ಆ ಒತ್ತೊತ್ತಾದ ಎರಡು ಗುರುತು ನನಗೆ ಅಲ್ಲಿ ಅರ್ಥವಾದವು. ತಾಯಿ ಹಾಲಿನ ಕ್ಯಾನು ಒರೆಸುತ್ತಾ ನಿಂತಿದ್ದವರು ಮಗಳ ಮುಖ ನೋಡಿರಲಿಲ್ಲ, ನನ್ನ ಹಾಗೆಯೇ ಕಾಲು ನೋಡುತ್ತಿದ್ದರು.

"ಹೊಸ್ತಿಲು ದಾಟುವಾಗ ಬಲಗಾಲೇ ಮೊದ್ಲು ಇಡ್ತಾಳಾ ಅಕ್ಕಾ?" ಎಂದು ಕೇಳಿದೆ.

"ಇನ್ನೇನು ಮತ್ತೆ? ಎಡಗಾಲಿಡ್ತಾರಾ ಯಾರಾದ್ರೂ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಇವ್ಳು ಬಿದ್ದ ದಿನ ಬೆಳಿಗ್ಗೆ ನಾನು ಇದೇ ಕ್ಯಾನು ತೊಳೀತಾ ಕೂತಿದ್ದೆ ಡಾಕ್ಟ್ರಮ್ಮ. ಯಾವ ಕಾಲಿಟ್ಟು ಹೊರಗೋದ್ಳೋ ನೋಡ್ಲೇ ಇಲ್ಲ. ಸಾಯಂಕಾಲ ಆಸ್ಪತ್ರೇಲಿ ನೋಡ್ದೆ, ಕಾಲು ಅಷ್ಟು ದಪ್ಪ ಊದ್ಕೊಂಡಿತ್ತು. ಅವತ್ತಿಂದ ಇವ್ಳು ಹೊರಟಾಗ, ಬಂದಾಗ ಬಾಗ್ಲಲ್ಲಿ ನಿಂತ್ಕೊಂಡು ನೋಡ್ತೀನಿ. ಬಲಗಾಲು, ಬಲಗಾಲು ಅಂತೀನಿ. ಈಗ ಹೇಳೋದೇ ಬೇಡ, ತಾನೇ ಇಡ್ತಾಳೆ."

ಒಂದು ವರ್ಷದಿಂದ ಪ್ರತಿದಿನ, ಪ್ರತಿ ಬಾಗಿಲಲ್ಲಿ ಹುಡುಗಿಯ ಮೈಗೆ ಅದು ಇಳಿದುಹೋಗಿತ್ತು. ಬಾಗಿಲಾಗಲಿ, ನನ್ನ ಮರದ ಪಟ್ಟಿಯಾಗಲಿ, ದಾಟುವಂಥದ್ದು ಏನು ಕಂಡರೂ ಕಾಲು ಬದಲಿಸಿ ಬಲಗಾಲು ಮುಂದೆ ಮಾಡುತ್ತಿದ್ದಳು. ಹೆಜ್ಜೆಯ ಲೆಕ್ಕ ತಾನಾಗಿ ಕೂಡಿಬಂದ ದಿನ ಪಾರು. ಕೂಡದಿದ್ದರೆ ಎಡಗಾಲು, ಆ ಮುರಿದು ಕೂಡಿದ ಕಾಲು, ಪಟ್ಟಿಯ ಬುಡದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ಒಳಗೆ ಬರುವಾಗ ಯಾವ ಕಾಲಿಟ್ಟೆ ಎಂದು ನೆನೆಸಿಕೊಂಡೆ. ನಾನೂ ಬಲಗಾಲೇ ಇಟ್ಟಿದ್ದೆ.

ಬಲಗಾಲನ್ನು ಬಿಡಿಸುವ ಧೈರ್ಯ ನನಗಾಗಲಿಲ್ಲ. ಹಾಗಾಗಿ ಸುತ್ತುಬಳಸಿ ಹೋದೆ. ಕಾಲು ಬದಲಿಸುವುದಿದ್ದರೆ ಪಟ್ಟಿಯ ಬುಡದಲ್ಲಿ ಬೇಡ, ದೂರದಲ್ಲೇ ಬದಲಿಸಿಕೋ ಎಂದು ಕಲಿಸಲು ಹೊರಟೆ. ಅವಳು ಮತ್ತೆ ಕ್ಲಿನಿಕ್ಕಿಗೆ ಬರತೊಡಗಿದ ಮೇಲೆ ಗೋಡೆಯ ಬಳಿ ಒಂದು ಗೆರೆ ಎಳೆದು, ಅಲ್ಲಿಂದ ಹೊರಟರೆ ಬಲಗಾಲು ತಾನಾಗಿ ಮುಂದೆ ಬರುವಂತೆ ಅಂತರ ಹೊಂದಿಸಿದೆ. ಅದ್ಭುತವಾಗಿ ನಡೆಯಿತು. ಪಟ್ಟಿ ಬೀಳುವುದೇ ನಿಂತಿತು. ಹುಡುಗಿ ಕುಣಿಯುವುದೊಂದು ಬಾಕಿ.

ಆದರೆ ಪರೀಕ್ಷೆಯ ಹಾಲಿನಲ್ಲಿ ನನ್ನ ಗೆರೆ ಇರುವುದಿಲ್ಲವಲ್ಲ. ಒಂದು ಮಧ್ಯಾಹ್ನ ಅವಳಿಗೆ ಹೇಳದೆ ಸ್ಟೂಲುಗಳನ್ನು ಅರ್ಧ ಹೆಜ್ಜೆಯಷ್ಟು ಹಿಂದಕ್ಕೆ ಸರಿಸಿಟ್ಟೆ. ಅವಳು ಕೈಯಲ್ಲಿ ಫೈಲು ಹಿಡಿದು, ನಾನು ಕಲಿಸಿದಂತೆ ತಲೆ ಎತ್ತಿ ಬಂದಳು. ಲೆಕ್ಕ ತಪ್ಪಿದ್ದು ಕೊನೆಯ ಕ್ಷಣದಲ್ಲಿ ಗೊತ್ತಾಯಿತು. ಟಕ್ ಟಕ್ ಎಂದಳು. ಬಲಗಾಲು ಹೋಯಿತು, ಎಡಗಾಲಿನ ಹೀಲು ಪಟ್ಟಿಯ ಜೊತೆ ಸ್ಟೂಲನ್ನೂ ಎಳೆದುಕೊಂಡು ಬಂತು. ಅವಳು ಮುಂದಕ್ಕೆ ಹೋದದ್ದು, ಬೆಲ್ಟು ನನ್ನ ಕೈಯನ್ನು ಜಗ್ಗಿದ್ದು, ನಾನು ಮಂಡಿಯೂರಿದ್ದು ಎಲ್ಲ ಒಟ್ಟಿಗೆ. ಅವಳ ಮುಖ ನೆಲಕ್ಕೆ ಬಡಿಯಲಿಲ್ಲ. ಎಡಗಾಲು ಮಾತ್ರ ಮೈಯಡಿ ಹೊರಳಿ ಸಿಕ್ಕಿಕೊಂಡಿತು.

ಶೂ ಬಿಚ್ಚಲು ಹೋದರೆ ಪಟ್ಟಿಯ ಕೊಂಡಿ ಬೆರಳಿಗೆ ಸಿಗುತ್ತಿಲ್ಲ. ಹುಡುಗಿ ಅಳುತ್ತಿರಲಿಲ್ಲ, ಬಿಳಿಚಿದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದಳು. ಮೂಳೆಯ ಮೇಲೆ ಒತ್ತಿ ನೋಡಿದೆ. ಬೆರಳು ಆಡಿಸು ಎಂದೆ. ಆಡಿಸಿದಳು. ಐಸು ಕಟ್ಟಿ, ಕಾಲು ದಿಂಬಿನ ಮೇಲಿಟ್ಟು, ಊದುತ್ತದೆಯೋ ಎಂದು ಕಾಯುತ್ತಾ ಕೂತೆವು. ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು, ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಕಾಲು ಸ್ವಲ್ಪವೇ ಊದಿತು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ ಪ್ಲೇಟು ಗಟ್ಟಿಯಾಗಿದೆ ಎಂದರು.

ನೋವು ಇಳಿದ ಮೇಲೆ ಅವಳನ್ನು ಕೂರಿಸಿಕೊಂಡು, "ಸಾಕು ಕಣಮ್ಮ. ಬೇರೆ ಕೆಲಸ ನೋಡ್ಕೋ," ಎಂದೆ.

"ನಿಮಗೆ ಭಯ ಆಗಿದೆ, ಅದಕ್ಕೇ ಹಂಗಂತಿದೀರ."

"ಹೌದು, ಭಯ ಆಗಿದೆ. ನಿಂಗಾಗಿಲ್ವಾ?"

"ಆಗದೆ ಏನು ಮೇಡಂ? ಸ್ಕೂಟರ್ ಮುಟ್ಟಿ ವರ್ಷ ಆಯ್ತು. ರಸ್ತೆ ದಾಟೋಕೆ ಭಯ, ಬಸ್ ಇಳಿಯೋಕೆ ಭಯ. ಅಮ್ಮ ಬಾಗ್ಲಲ್ಲಿ ನಿಂತ್ಕೊಂಡು ಕಾಲೇ ನೋಡ್ತಾರೆ. ನಾನು ಮನೇಲೇ ಕೂತ್ರೆ ಅವ್ರು ಹಂಗೇ ನೋಡ್ಕೊಂಡೇ ಇರ್ತಾರೆ. ನಂಗೆ ಹೊರಗೆ ಹೋಗ್ಬೇಕು."

ಸಮಸ್ಯೆಗೆ ನೇರವಾದ ದಾರಿ ಒಂದಿತ್ತು, ಅದನ್ನು ನಾನು ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಎಡಗಾಲು ಮೊದಲು ದಾಟಬೇಕು. ಆಗ ಕೆಟ್ಟ ಕಾಲು ಕಣ್ಣಿನ ಕಾವಲಿನಲ್ಲಿ ಹೋಗುತ್ತದೆ. ಬೆನ್ನ ಹಿಂದೆ ಬರುವುದು ಒಳ್ಳೆಯ ಕಾಲು. ಬುಡದಲ್ಲೇ ನಿಂತಿದ್ದರೂ ಪಾದ ಮಡಚಿ, ಮಂಡಿ ಎತ್ತಿ ಪಾರಾಗುತ್ತದೆ. ಹಾಗೆಂದು ಅಪಾಯವಿಲ್ಲದ ದಾರಿಯಲ್ಲ. ಪಟ್ಟಿಯಾಚೆ ಇಳಿಯುವಾಗ ಇಡೀ ಮೈಭಾರ ಎಡಗಾಲಿನ ಮೇಲೆ, ಆ ಎರಡಿಂಚು ಹೀಲಿನ ಮೇಲೆ ಬೀಳುತ್ತದೆ. ಹೆಜ್ಜೆ ಉದ್ದವಾದರೆ ಕಾಲ್ಗಿಣ್ಣು ಹೊರಳುತ್ತದೆ. ಯಾವ ಕಾಲಾದರೂ ಸರಿ, ಬಂದದ್ದು ಹೋಗಲಿ ಎಂದು ಬಿಟ್ಟು ನೋಡಿದ್ದೆ. ಹಾಗೆ ಬಿಟ್ಟರೆ ಅವಳ ಮೈ ಬಲಗಾಲನ್ನೇ ಆರಿಸುತ್ತಿತ್ತು. ಎಡಗಾಲು ಎಂದು ಗಟ್ಟಿಯಾಗಿ ಹೇಳಿಯೇ ಕಲಿಸಬೇಕಿತ್ತು.

ನನ್ನನ್ನು ತಡೆದದ್ದು ಇಳಿಯುವ ಅಪಾಯ ಒಂದೇ ಅಲ್ಲ. ನಾನೂ ಇದೇ ಸೀಮೆಯಲ್ಲಿ ಬೆಳೆದವಳು. ಸೊಸೆಯಾಗಿ ಬಂದ ದಿನ ಅಕ್ಕಿಯ ಸೇರು ಒದ್ದು ಬಲಗಾಲಿಟ್ಟೇ ಒಳಗೆ ಬಂದವಳು, ಈ ಕ್ಲಿನಿಕ್ಕಿಗೂ ಬಲಗಾಲಿಟ್ಟೇ ಬಂದವಳು. ಹೊಸ ಕೆಲಸದ ಬಾಗಿಲಿಗೆ ಎಡಗಾಲಿಡು ಎಂದು ನಾನು ಹೇಳಿ, ನಾಳೆ ಏನಾದರೂ ಆಗಿಬಿಟ್ಟರೆ? ಕೀಲು, ಸ್ನಾಯು ಎಂದು ಓದಿದ್ದೆಲ್ಲ ಆ ಪ್ರಶ್ನೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು.

ತಾಯಿಯನ್ನು ಕರೆಸಿ ಇಬ್ಬರ ಮುಂದೆಯೇ ಹೇಳಿದೆ. ಸೀಮೆಸುಣ್ಣದ ಗುರುತು ತೋರಿಸಿದೆ, ಪಟ್ಟಿ ಬೀಳುವುದನ್ನು ತೋರಿಸಿದೆ. ಆಕೆ ಎಲ್ಲ ನೋಡಿದರು.

"ಪರೀಕ್ಷೆ ದಿನಾನೇ ಎಡಗಾಲಾ ಡಾಕ್ಟ್ರಮ್ಮ? ಆಗಿಬರುತ್ತಾ?"

"ಆಗಿಬರುತ್ತೆ ಅಂತ ಹೇಳೋಕೆ ನಾನು ಜ್ಯೋತಿಷಿ ಅಲ್ಲ ಅಕ್ಕಾ. ಬಲಗಾಲಿಟ್ರೆ ಬೀಳ್ತಾಳೆ, ಅದು ಗೊತ್ತು. ಎಡಗಾಲಿಟ್ರೆ ಬೀಳದೆ ಇರ್ಬೋದು."

"ಇರ್ಬೋದು ಅಂತೀರಲ್ಲ."

"ಅಷ್ಟೇ ಹೇಳೋಕಾಗೋದು."

ಆಕೆ ಸೆರಗಿನ ತುದಿ ಸುರುಳಿ ಸುತ್ತತೊಡಗಿದರು. ಮಗಳು ಅವರ ಮುಖ ನೋಡಲಿಲ್ಲ. ಕೊನೆಗೆ ತಾಯಿ ಎದ್ದು ಚಪ್ಪಲಿ ಮೆಟ್ಟಿಕೊಂಡು, "ನೀವ್ ಏನಾರಾ ಮಾಡ್ಕೊಳ್ಳಿ. ನನ್ ಕಣ್ಣೆದುರಿಗೆ ಬೇಡ," ಎಂದು ಹೊರಗೆ ಹೋದರು. ಹೋಗುವಾಗ ಬಲಗಾಲನ್ನೇ ಮುಂದಿಟ್ಟರು.

ಮತ್ತೆ ಶುರು ಮಾಡಿದೆವು. ಮೊದಲು ಬರಿಗಾಲಲ್ಲಿ, ನೆಲದ ಮೇಲೆ ಎಳೆದ ಗೆರೆ. ಆಮೇಲೆ ಹಗ್ಗ. ಆಮೇಲೆ ಹೀಲ್ಸ್ ಹಾಕಿ ಹಗ್ಗ. ಆಮೇಲೆ ಪಟ್ಟಿ. ಕಾಲ್ಗಿಣ್ಣಿನ ಸುತ್ತ ಟೇಪು ಬಿಗಿದು, ಕಾಲಚೀಲದ ಒಳಗೆ ಮರೆಮಾಡಿದೆ. ದಾಟಿದ ಮೇಲಿನ ಹೆಜ್ಜೆ ಗಿಡ್ಡವಿರಬೇಕು, ಹೀಲು ಮತ್ತು ಮುಂಗಾಲು ಒಟ್ಟಿಗೆ ನೆಲ ಮುಟ್ಟಬೇಕು ಎಂದು ಬಾಯಿ ನೋಯುವಷ್ಟು ಹೇಳಿದೆ. ಎಡಗಾಲು ಎತ್ತುವಾಗ ಅವಳ ಮುಖದಲ್ಲಿ ತಪ್ಪು ಮಾಡುತ್ತಿರುವವರ ಅಳುಕು ಕಾಣುತ್ತಿತ್ತು. ಹಾಗೆ ಅಳುಕಿದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು, ಉಸಿರು ಹಿಡಿದರೆ ಮೈ ಬಿಗಿಯುತ್ತಿತ್ತು. ಕೊನೆಕೊನೆಗೆ ಸ್ಟೂಲು ಎಲ್ಲಿಟ್ಟರೂ ದಾಟತೊಡಗಿದಳು. ಪಟ್ಟಿ ಬೀಳಲಿಲ್ಲ. ಹಾಗಂತ ನನ್ನ ಭಯವೇನೂ ಕಡಿಮೆಯಾಗಲಿಲ್ಲ. ಬೆಲ್ಟು ಬಿಚ್ಚಿ ನಡೆಸಿದ ದಿನ ಅವಳ ಹಿಂದೆ ಕೈಚಾಚಿಕೊಂಡೇ ನಡೆದೆ, ಅವಳಿಗೆ ಗೊತ್ತಾಗದಂತೆ.

ಪರೀಕ್ಷೆಯ ದಿನ ಹಾಲಿನ ಹಿಂಬದಿಯ ಬೆಂಚಿನಲ್ಲಿ ಮನೆಯವರು ಕೂರಬಹುದು ಎಂದಿದ್ದರು. ನಾನು ಹೋದೆ. ಪಕ್ಕದಲ್ಲಿ ತಾಯಿ ಬಂದು ಕೂತಾಗ ನನಗೆ ಆಶ್ಚರ್ಯವಾಯಿತು. ಎದುರಿಗೆ ಆ ಮಾದರಿ ಬಾಗಿಲು, ಬುಡದಲ್ಲಿ ಹೊಳೆಯುವ ಲೋಹದ ಪಟ್ಟಿ. ನನ್ನ ಮರದ ಪಟ್ಟಿ ತಗುಲಿದರೆ ಬೀಳುತ್ತಿತ್ತು. ಇದು ಬೀಳುವುದಿಲ್ಲ, ತಗುಲಿದವರೇ ಬೀಳಬೇಕು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಇವಳಿಗಿಂತ ಮೊದಲಿದ್ದ ಹುಡುಗಿಯರು ಒಬ್ಬೊಬ್ಬರಾಗಿ ದಾಟಿ ಒಳಗೆ ಹೋಗಿ, ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು.

ಇವಳ ಹೆಸರು ಕರೆದರು.

ತಲೆ ಎತ್ತಿ, ನಗುತ್ತಾ ಹೊರಟಳು. ಟಕ್, ಟಕ್, ಟಕ್. ಹೀಲಿನ ಸದ್ದು ಸಮವಾಗಿತ್ತು. ನಾನು ಮುಖ ನೋಡಲೇ ಇಲ್ಲ. ಬಾಗಿಲಿಗೆ ಇನ್ನೇನು ಎರಡು ಹೆಜ್ಜೆ ಇರುವಾಗ ಲೆಕ್ಕ ಹಾಕಿದೆ. ನಡೆದ ಹಾಗೇ ನಡೆದರೆ ಬಲಗಾಲು ಮುಂದೆ ಬರುತ್ತದೆ. ಅವಳು ಕಾಲು ಬದಲಿಸಬೇಕು, ಇಲ್ಲವೇ ಬಲಗಾಲಿಟ್ಟುಬಿಡಬೇಕು. ಟಕ್ ಟಕ್ ಎಂದು ಗಿಡ್ಡ ಹೆಜ್ಜೆ ಕೇಳಿಸಿತು, ಅದೇ ಹಾಳು ಹೆಜ್ಜೆ. ಬಲಗಾಲು ಪಟ್ಟಿಯ ಬುಡಕ್ಕೆ ಬಂದು ನಿಂತಿತು. ಎಡಗಾಲು ಎದ್ದಿತು. ಪಟ್ಟಿಯ ಮೇಲೆ ಹಾದು, ಆಚೆ ಗಿಡ್ಡವಾಗಿ ಇಳಿಯಿತು. ಒಂದು ಸಲ ತುಯ್ದಿತು. ನಿಂತಿತು. ಬುಡದಲ್ಲಿದ್ದ ಬಲಗಾಲು ಮಂಡಿ ಮಡಚಿಕೊಂಡು ಮೇಲೆದ್ದು, ಏನನ್ನೂ ಸೋಕದೆ ಒಳಗೆ ಹೋಯಿತು.

ಒಳಗೆ ಕೂತಿದ್ದ ಪರೀಕ್ಷಕರು ಏನೋ ಕೇಳಿದರು, ಅವಳು ಏನೋ ಹೇಳಿದಳು. ಅವರು ತಲೆಯಾಡಿಸಿ ಕೈಕುಲುಕಿದರು. ನಾನು ಪಕ್ಕಕ್ಕೆ ತಿರುಗಿದೆ. ತಾಯಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. ಒಂದು ವರ್ಷದಿಂದ ಮಗಳ ಒಂದು ಹೆಜ್ಜೆಯನ್ನೂ ಬಿಡದೆ ನೋಡಿದ ಹೆಂಗಸು. ಸೆರಗು ಅವರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಮೊಣಕೈ ಮುಟ್ಟಿದೆ.

"ಬಿದ್ಳಾ?" ಎಂದರು, ಕಣ್ಣು ತೆರೆಯದೆ.

"ಇಲ್ಲ ಅಕ್ಕಾ. ದಾಟಿದ್ಳು."

"ಸದ್ದು ಕೇಳಿಸ್ಕೊಂಡೇ ಕೂತಿದ್ದೆ. ಬಿದ್ದ ಸದ್ದು ಬರ್ಲಿಲ್ಲ. ಯಾವ ಕಾ..." ಎಂದವರು ಅಲ್ಲಿಗೇ ನಿಲ್ಲಿಸಿ, ನನ್ನ ಕೈ ಒತ್ತಿ, "ಬೇಡ, ಹೇಳ್ಬೇಡಿ," ಎಂದರು.

ಅಷ್ಟರಲ್ಲಿ ಅಮ್ಮನನ್ನು ಕಂಡ ಹುಡುಗಿ ಹಿಂಬಾಗಿಲಿಗೆ ಹೋಗುವುದನ್ನು ಬಿಟ್ಟು ಅದೇ ಬಾಗಿಲಿಂದ ನಮ್ಮ ಕಡೆಗೆ ತಿರುಗಿದಳು. ಒಳಗೆ ಹೋಗುವುದನ್ನಷ್ಟೇ ಕಲಿಸಿದ್ದೆ, ಹೊರಗೆ ಬರುವುದನ್ನು ಕಲಿಸಿರಲಿಲ್ಲ. ಖುಷಿಯಲ್ಲಿ ಅವಳ ಹೆಜ್ಜೆಗಳು ಓಡುತ್ತಿದ್ದವು. ಕೂಗಬೇಕೆಂದು ಎದ್ದು ನಿಂತೆ. ಪಟ್ಟಿಯ ಮುಂದೆ ಅವಳು ಗಕ್ಕನೆ ನಿಂತಳು. ಕೆಳಗೆ ನೋಡಿದಳು, ಅಮ್ಮನನ್ನು ನೋಡಿದಳು.

"ಸಾರ್, ಬಿಚ್ಚಬಹುದಾ?" ಎಂದು ಹಿಂದಕ್ಕೆ ತಿರುಗಿ ಕೇಳಿದಳು.

"ಮುಗೀತಲ್ಲಮ್ಮ, ಬಿಚ್ಚು," ಎಂದು ಒಳಗಿನಿಂದ ನಗು ಕೇಳಿಸಿತು.

ಬಗ್ಗಿ ಎರಡೂ ಶೂ ಬಿಚ್ಚಿ ಒಂದೇ ಕೈಯಲ್ಲಿ ಹಿಡಿದಳು. ಬಲಗಾಲಿಟ್ಟು ಹೊರಗೆ ಬಂದಳು.

ಈ ಸಲ ತಾಯಿಯ ಕಣ್ಣು ತೆರೆದೇ ಇತ್ತು. ಎದ್ದು ಹೋದವರು ಮಗಳ ಮುಖ ಹಿಡಿಯಲಿಲ್ಲ, ತಬ್ಬಿಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅವಳ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾಲಚೀಲದ ಮೇಲಿಂದಲೇ ಗಿಣ್ಣನ್ನು ಸವರಿ, ಒತ್ತಿ ನೋಡಿದರು.

"ಊದಿಲ್ಲ," ಎಂದರು.